ಹಬ್ಬದ ದಿನವೇ ಬ್ಲಾಗ್ ಬಿದ್ದರೆ: ಸಣ್ಣ ಸರ್ವರ್‌ನ ಮೆಮೊರಿ ಯಾರು ತಿಂದರು ಎಂದು ಹುಡುಕುವುದು

ಹಾಸನದ ಬಗ್ಗೆ ಬರೆಯುವ ಯಾವುದೇ ಬ್ಲಾಗ್‌ಗೆ ದೀಪಾವಳಿ ಹೊತ್ತು ಪರೀಕ್ಷೆಯ ಹೊತ್ತು. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಕೆಲವೇ ದಿನ ತೆರೆಯುತ್ತದೆ. ಸಾಲು ಎಷ್ಟುದ್ದ ಇದೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಗಂಟೆಗೆ ಹೋದರೆ ಬೇಗ ದರ್ಶನ ಆಗುತ್ತದೆ ಅಂತ ಊರಿನವರೂ ಹೊರಗಿನವರೂ ಫೋನ್‌ನಲ್ಲಿ ಹುಡುಕುತ್ತಾರೆ. ಮಳೆಗಾಲದಲ್ಲೂ ಇದೇ ಕಥೆ. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಅರ್ಧ ಮುಳುಗಿದ ಫೋಟೋ ಒಂದು ಓಡಾಡಿದರೆ ಸಾಕು, ದಾರಿ ಕೇಳುವವರು ಸಾಲುಗಟ್ಟುತ್ತಾರೆ. ವರ್ಷವೆಲ್ಲ ತಣ್ಣಗಿದ್ದ ಬ್ಲಾಗ್ ಜನರಿಗೆ ನಿಜವಾಗಿ ಬೇಕಾದ ದಿನವೇ ಬೀಳುತ್ತದೆ. ಪುಟದ ಬದಲು ಬಿಳಿ ಪರದೆ ಮೇಲೆ ‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’ ಎಂಬ ಒಂದೇ ಸಾಲು.

ಹಾಸನ, ಸಕಲೇಶಪುರ ಕಡೆಯ ಕೆಲವು ಗೆಳೆಯರ ಬ್ಲಾಗ್ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲವೂ ಒಂದು ಜಿಬಿ ರ್‍ಯಾಮ್‌ನ ಬಾಡಿಗೆ ಸರ್ವರ್‌ಗಳು. ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ), ಎಂಜಿನ್‌ಎಕ್ಸ್ (ಕೇಳಿದವರಿಗೆ ಪುಟ ಕೊಡುವ ವೆಬ್ ಸರ್ವರ್), ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿಯಿಂದ ಪುಟ ತಯಾರಿಸುವುದು), ಮೈಎಸ್‌ಕ್ಯೂಎಲ್ (ಡೇಟಾಬೇಸ್), ಮೇಲೆ ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ತಂತ್ರಾಂಶ). ಇಂಥ ಸರ್ವರ್ ಬಿದ್ದಾಗ ಎಲ್ಲರೂ ಮೊದಲು ಮೈಎಸ್‌ಕ್ಯೂಎಲ್ ಮೇಲೆ ಕೈ ಹಾಕುತ್ತಾರೆ. ಅದೇ ಸತ್ತಿರುತ್ತದೆ, ಅಲ್ವಾ? ಆದರೆ ಬಹಳ ಸಲ ಮೆಮೊರಿ ತಿಂದದ್ದು ಬೇರೆಯವರು, ಸತ್ತದ್ದು ಮೈಎಸ್‌ಕ್ಯೂಎಲ್. ಈ ವ್ಯತ್ಯಾಸ ಹಿಡಿದರೆ ದುಡ್ಡು ಕೊಟ್ಟು ದೊಡ್ಡ ಸರ್ವರ್ ತೆಗೆದುಕೊಳ್ಳುವ ಅಗತ್ಯ ಹೆಚ್ಚಿನ ಬ್ಲಾಗ್‌ಗಳಿಗೆ ಬರುವುದಿಲ್ಲ.

ಆಜ್ಞೆಗಳನ್ನೂ ಸೆಟ್ಟಿಂಗ್‌ಗಳನ್ನೂ ಇಲ್ಲಿ ಉಚ್ಚಾರ ಇದ್ದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಚುಕ್ಕಿ, ಗೆರೆ, ಅಂಕಿ ಇದ್ದಲ್ಲೇ ಇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲು: ಇದು ಮೆಮೊರಿ ತೊಂದರೆಯೇ?

ಪರದೆ ಮೇಲೆ ಏನು ಕಾಣುತ್ತಿದೆ ಎಂಬುದೇ ಮೊದಲ ಸುಳಿವು. ಡೇಟಾಬೇಸ್ ಕನೆಕ್ಷನ್ ಎರರ್ ಬಂದರೆ ಪಿಎಚ್‌ಪಿ ಬದುಕಿದೆ, ಮೈಎಸ್‌ಕ್ಯೂಎಲ್ ಇಲ್ಲ. 502 ಬಂದರೆ ಎಂಜಿನ್‌ಎಕ್ಸ್ ಬದುಕಿದೆ, ಅದರ ಹಿಂದಿನ ಪಿಎಚ್‌ಪಿ ಬಿದ್ದಿದೆ. 504 ಬಂದರೆ ಎಲ್ಲರೂ ಬದುಕಿದ್ದಾರೆ, ಆದರೆ ಪಿಎಚ್‌ಪಿ ಹೊತ್ತಿಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಒಂದೆರಡು ನಿಮಿಷ ಬಿದ್ದು ತಾನಾಗಿಯೇ ಎದ್ದರೆ ಮೆಮೊರಿಯ ಮೇಲೆ ಅನುಮಾನ ಜಾಸ್ತಿ ಮಾಡಿ. ಮೈಎಸ್‌ಕ್ಯೂಎಲ್ ಸತ್ತರೆ ಉಬುಂಟುವಿನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಅದನ್ನು ಮತ್ತೆ ಎಬ್ಬಿಸುತ್ತದೆ. ಬೆಳಗ್ಗೆ ನೋಡಿದಾಗ ಎಲ್ಲ ಸರಿ ಇರುತ್ತದೆ, ರಾತ್ರಿ ಬಂದವರಿಗೆ ಮಾತ್ರ ಏನೂ ಸಿಕ್ಕಿರುವುದಿಲ್ಲ.

ಸರ್ವರ್‌ಗೆ ಲಾಗಿನ್ ಆಗಿ ‘ಫ್ರೀ -ಎಂ’ ಕೊಡಿ. ಇಲ್ಲಿ ಅನೇಕರು ಸುಮ್ನೆ ಗಾಬರಿಯಾಗುತ್ತಾರೆ. ‘ಫ್ರೀ’ ಕಾಲಂನಲ್ಲಿ 60 ಎಂಬಿ ಕಂಡರೆ ಮೆಮೊರಿ ಮುಗಿದೇ ಹೋಯಿತು ಅನ್ನಿಸುತ್ತದೆ. ಹಾಗಲ್ಲ. ಖಾಲಿ ಬಿದ್ದ ರ್‍ಯಾಮ್ ಅನ್ನು ಲಿನಕ್ಸ್ ಸುಮ್ಮನೆ ಇಡುವುದಿಲ್ಲ, ಡಿಸ್ಕ್‌ನಿಂದ ಓದಿದ ಫೈಲ್‌ಗಳನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ಯಾರಾದರೂ ಕೇಳಿದರೆ ಕೂಡಲೇ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದ್ದು ಕೊನೆಯ ‘ಅವೈಲಬಲ್’ ಕಾಲಂ. ಹೊಸದಾಗಿ ಯಾರಿಗಾದರೂ ಎಷ್ಟು ಕೊಡಬಹುದು ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಅಂದಾಜು ಮಾಡಿ ಹೇಳುವ ಅಂಕಿ ಅದು. ಅದು 150 ಎಂಬಿಗಿಂತ ಮೇಲೆ ನೆಮ್ಮದಿಯಾಗಿದ್ದರೆ ಆ ಹೊತ್ತಿಗೆ ತೊಂದರೆ ಇಲ್ಲ. 50ರ ಕೆಳಗೆ ಇಳಿದು ಅಲ್ಲೇ ನಿಂತರೆ ಇದೆ.

ಆದರೆ ಬಿದ್ದ ಮೇಲೆ ನೋಡಿದರೆ ‘ಫ್ರೀ’ ಏನೂ ಹೇಳುವುದಿಲ್ಲ. ಮೆಮೊರಿ ತಿಂದವರು ಆಗಲೇ ಹೋಗಿರುತ್ತಾರೆ. ಅದಕ್ಕೆ ಹಳೆಯ ದಾಖಲೆ ಬೇಕು.

ಕರ್ನಲ್ ಬರೆದಿಟ್ಟ ಪಟ್ಟಿ

‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು, ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರಾಸೆಸ್’ ಎಂಬ ಸಾಲು ಹುಡುಕಿ. ಸಿಕ್ಕರೆ ಅನುಮಾನ ಮುಗಿಯಿತು. ಮೆಮೊರಿ ಪೂರ್ತಿ ಮುಗಿದು ಕೊಡಲು ಏನೂ ಉಳಿಯದಾಗ ಕರ್ನಲ್ ಒಂದು ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಆರಿಸಿ ಕೊಲ್ಲುತ್ತದೆ. ಇದಕ್ಕೆ ಊಮ್ ಕಿಲ್ಲರ್ ಎನ್ನುತ್ತಾರೆ. ಅದು ತಪ್ಪು ಮಾಡಿದವನನ್ನು ಹುಡುಕುವುದಿಲ್ಲ. ಆ ಕ್ಷಣದಲ್ಲಿ ಯಾವ ಒಂದು ಪ್ರಾಸೆಸ್ ದೊಡ್ಡದೋ ಅದನ್ನು ಹಿಡಿಯುತ್ತದೆ, ಯಾಕೆಂದರೆ ಅದನ್ನು ಕೊಂದರೆ ಒಂದೇ ಏಟಿಗೆ ಜಾಸ್ತಿ ಜಾಗ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. ಮೈಎಸ್‌ಕ್ಯೂಎಲ್ ಒಂದೇ ಪ್ರಾಸೆಸ್, 350 ಎಂಬಿ ಅಂದುಕೊಳ್ಳಿ. ಪಿಎಚ್‌ಪಿ ಪ್ರಾಸೆಸ್‌ಗಳು ಹತ್ತು, ಒಂದೊಂದೂ 70 ಎಂಬಿ. ಒಟ್ಟು ತಿಂದದ್ದು ಪಿಎಚ್‌ಪಿ 700, ಮೈಎಸ್‌ಕ್ಯೂಎಲ್ 350. ಆದರೂ ಸಾಯುವುದು ಮೈಎಸ್‌ಕ್ಯೂಎಲ್, ಯಾಕೆಂದರೆ ಒಂಟಿಯಾಗಿ ಅದೇ ದೊಡ್ಡದು.

ಇದು ಬರೀ ಊಹೆ ಆಗಬೇಕಿಲ್ಲ. ಆ ‘ಕಿಲ್ಡ್ ಪ್ರಾಸೆಸ್’ ಸಾಲಿನ ಮೇಲೆ ಸ್ವಲ್ಪ ಹತ್ತಿ ನೋಡಿ, ಸಾಯುವ ಕ್ಷಣಕ್ಕೆ ಓಡುತ್ತಿದ್ದ ಎಲ್ಲ ಪ್ರಾಸೆಸ್‌ಗಳ ಪಟ್ಟಿಯನ್ನೇ ಕರ್ನಲ್ ಬರೆದಿಟ್ಟಿರುತ್ತದೆ. ಈ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ. ಬಹಳ ಜನ ಇದನ್ನು ದಾಟಿ ಹೋಗುತ್ತಾರೆ ಎಂಬುದೇ ನನ್ನ ಬೇಸರ. ಅದರಲ್ಲಿ ‘ಆರ್‌ಎಸ್‌ಎಸ್’ ಎಂಬ ಕಾಲಂ ಇದೆ, ಆ ಪ್ರಾಸೆಸ್ ಹಿಡಿದಿದ್ದ ರ್‍ಯಾಮ್‌ನ ಲೆಕ್ಕ. ಎಚ್ಚರ: ಆ ಅಂಕಿ ಕಿಲೋಬೈಟ್‌ನಲ್ಲಿ ಇಲ್ಲ, ಪುಟಗಳ ಲೆಕ್ಕದಲ್ಲಿದೆ. ಸಾಮಾನ್ಯ ಸರ್ವರ್‌ಗಳಲ್ಲಿ ಒಂದು ಪುಟ ಅಂದರೆ 4 ಕೆಬಿ. 18000 ಎಂದಿದ್ದರೆ ಸುಮಾರು 70 ಎಂಬಿ. ಪಿಎಚ್‌ಪಿ-ಎಫ್‌ಪಿಎಂ ಹೆಸರಿನ ಸಾಲುಗಳನ್ನು ಎಣಿಸಿ, ಕೂಡಿಸಿ. ಮೈಎಸ್‌ಕ್ಯೂಎಲ್‌ನ ಸಾಲಿನ ಪಕ್ಕ ಇಟ್ಟು ನೋಡಿ.

ಪಿಎಚ್‌ಪಿ ಸಾಲುಗಳು ಬಹಳ ಇದ್ದರೆ ಮುಂದಿನ ಎರಡು ಭಾಗ ನಿಮಗೆ. ಎರಡೋ ಮೂರೋ ಇದ್ದು ಅದರಲ್ಲಿ ಒಂದು ಮಾತ್ರ ವಿಪರೀತ ದೊಡ್ಡದಿದ್ದರೆ ಫೋಟೋ ಭಾಗಕ್ಕೆ ಹೋಗಿ. ಪಿಎಚ್‌ಪಿಯೂ ಅಲ್ಲ, ಮೈಎಸ್‌ಕ್ಯೂಎಲ್ಲೂ ಅಲ್ಲ, ಬೇರೆ ಯಾರೋ ಕೂತಿದ್ದಾರೆ ಅಂದರೆ ಅವರನ್ನು ಕಳಿಸಿ. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಇದರಲ್ಲಿ ದೊಡ್ಡ ಹೆಸರು. ಅದರ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ವೈರಸ್ ಗುರುತುಗಳನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತದೆ, ಅದೊಂದಕ್ಕೇ ಒಂದು ಜಿಬಿ ಬೇಕು. ಸಣ್ಣ ಬ್ಲಾಗ್ ಸರ್ವರ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಮಿತಿ ಹಾಕದ ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಡುವ ಡೇಟಾಬೇಸ್) ಕೂಡ ಹಾಗೇ. ‘ಮ್ಯಾಕ್ಸ್‌ಮೆಮೊರಿ’ ಕೊಡದಿದ್ದರೆ 64 ಬಿಟ್ ಸರ್ವರ್‌ನಲ್ಲಿ ಅದಕ್ಕೆ ಮಿತಿಯೇ ಇರುವುದಿಲ್ಲ.

ಇಷ್ಟೊಂದು ಪಿಎಚ್‌ಪಿ ಎದ್ದದ್ದು ಯಾಕೆ?

ಲೇಖನ ಓದಲು ಬಂದವರಿಗೆಲ್ಲ ಪಿಎಚ್‌ಪಿ ಏಳಬೇಕಾಗಿಯೇ ಇಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಗ್ಗೆ ಬರೆದ ಪುಟ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಅದನ್ನು ಒಮ್ಮೆ ತಯಾರಿಸಿ ಇಟ್ಟು, ಎಂಜಿನ್‌ಎಕ್ಸ್ ಕೈಯಿಂದಲೇ ಸಾವಿರ ಜನಕ್ಕೆ ಕೊಡಬಹುದು. ಇಟ್ಟ ಪುಟ ಕೊಡುವುದಕ್ಕೆ ಬೇಕಾದ ಮೆಮೊರಿ ಲೆಕ್ಕಕ್ಕೇ ಇಲ್ಲ. ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಪ್ಲಗಿನ್‌ನಿಂದ ಮಾಡಬಹುದು, ಎಂಜಿನ್‌ಎಕ್ಸ್‌ನ ‘ಫಾಸ್ಟ್‌ಸಿಜಿಐ_ಕ್ಯಾಶ್’ನಿಂದಲೂ ಮಾಡಬಹುದು. ನನಗೆ ಎರಡನೆಯದು ಇಷ್ಟ, ಯಾಕೆಂದರೆ ಕ್ಯಾಶ್‌ನಲ್ಲಿ ಇದ್ದ ಪುಟಕ್ಕೆ ಪಿಎಚ್‌ಪಿಯನ್ನು ಮುಟ್ಟುವುದೇ ಇಲ್ಲ.

‘ಕ್ಯಾಶ್ ಹಾಕಿದ್ದೇನೆ, ಆದರೂ ಬೀಳುತ್ತಿದೆ’ ಎಂಬುದು ನಾನು ಬಹಳ ಸಲ ಕೇಳಿದ ಮಾತು. ಕ್ಯಾಶ್ ಇದೆ, ಸರಿ. ಅದು ಕೆಲಸ ಮಾಡುತ್ತಿದೆಯೇ? ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ‘ಅಪ್‌ಸ್ಟ್ರೀಮ್_ಕ್ಯಾಶ್_ಸ್ಟೇಟಸ್’ ಎಂಬ ವೇರಿಯಬಲ್ ಅನ್ನು ಒಂದು ಹೆಡರ್ ಆಗಿ ಕಳಿಸಿ. ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಪುಟ ತೆರೆದು, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಆ ಹೆಡರ್ ನೋಡಿ. ಎರಡನೇ ಸಲ ತೆರೆದಾಗ ‘ಹಿಟ್’ ಬರಬೇಕು. ‘ಮಿಸ್’ ಅಥವಾ ‘ಬೈಪಾಸ್’ ಬರುತ್ತಿದ್ದರೆ ಕ್ಯಾಶ್ ಇದ್ದೂ ಇಲ್ಲದ ಹಾಗೆ.

ಈಗ ಹಬ್ಬದ ದಿನದ ನಿಜವಾದ ತೊಂದರೆಗೆ ಬರುತ್ತೇನೆ. ಆ ದಿನ ಜನ ಬರುವುದು ಮುಖಪುಟದಿಂದಲ್ಲ, ಫೇಸ್‌ಬುಕ್‌ನಲ್ಲಿ ಹಂಚಿದ ಲಿಂಕ್‌ನಿಂದ. ಫೇಸ್‌ಬುಕ್ ಪ್ರತಿ ಕ್ಲಿಕ್‌ಗೂ ಲಿಂಕ್‌ನ ಕೊನೆಗೆ ಪ್ರಶ್ನೆಚಿಹ್ನೆ ಹಾಕಿ ‘ಎಫ್‌ಬಿಸಿಎಲ್‌ಐಡಿ’ ಎಂಬ ಉದ್ದದ ಗುರುತು ಅಂಟಿಸುತ್ತದೆ. ಆ ಗುರುತು ಬೇರೆ ಬೇರೆ ಇರುತ್ತದೆ. ನೀವು ಎಲ್ಲೋ ನೋಡಿ ಹಾಕಿಕೊಂಡ ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ‘ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ನಂತರ ಏನಾದರೂ ಇದ್ದರೆ ಕ್ಯಾಶ್ ಬಿಟ್ಟುಬಿಡು’ ಎಂಬ ನಿಯಮ ಇರುವ ಸಾಧ್ಯತೆ ಬಹಳ. ಅದು ವರ್ಡ್‌ಪ್ರೆಸ್‌ಗೆ ಎಲ್ಲರೂ ಬಳಸುವ ನಿಯಮ. ಪರಿಣಾಮ ಏನು? ಫೇಸ್‌ಬುಕ್‌ನಿಂದ ಬಂದ ಪ್ರತಿಯೊಬ್ಬರೂ ಕ್ಯಾಶ್ ದಾಟಿ ನೇರವಾಗಿ ಪಿಎಚ್‌ಪಿ ಬಾಗಿಲಿಗೆ ಹೋಗುತ್ತಾರೆ. ನೀವು ಮನೆಯಲ್ಲಿ ಕೂತು ಪರೀಕ್ಷಿಸಿದಾಗ ‘ಹಿಟ್’ ಬರುತ್ತದೆ, ಹಬ್ಬದ ದಿನ ಎಲ್ಲರಿಗೂ ‘ಬೈಪಾಸ್’.

ಸರಿಪಡಿಸುವುದು ಹೀಗೆ. ‘ಎಫ್‌ಬಿಸಿಎಲ್‌ಐಡಿ’, ‘ಜಿಸಿಎಲ್‌ಐಡಿ’, ‘ಯುಟಿಎಂ_’ ಎಂದು ಶುರುವಾಗುವ ಗುರುತುಗಳು ಮಾತ್ರ ಇದ್ದರೆ ಕ್ಯಾಶ್ ಬಿಡಬಾರದು ಎಂದು ಎಂಜಿನ್‌ಎಕ್ಸ್‌ನ ‘ಮ್ಯಾಪ್’ ಸೆಟ್ಟಿಂಗ್ ಮೂಲಕ ನಿಯಮ ತಿದ್ದಿ. ಕ್ಯಾಶ್‌ನ ಕೀ (ಇಟ್ಟ ಪುಟವನ್ನು ಗುರುತಿಸುವ ಹೆಸರು) ಮಾಡುವಾಗ ‘ರಿಕ್ವೆಸ್ಟ್_ಯುಆರ್‌ಐ’ಯಿಂದ ಪ್ರಶ್ನೆಚಿಹ್ನೆಗೆ ಮುಂಚಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಹುಡುಕಾಟದ ಪುಟದಂಥ ಬೇರೆ ಪ್ರಶ್ನೆಗಳಿಗೆ ಮೊದಲಿನಂತೆ ಬೈಪಾಸ್ ಇರಲಿ. ಇಲ್ಲಿ ಒಂದು ಗುಂಡಿ ಇದೆ, ದಯವಿಟ್ಟು ಗಮನಿಸಿ. ಸುಲಭ ಅಂತ ಕೀನಲ್ಲಿ ‘ಯುಆರ್‌ಐ’ ಎಂಬ ಚಿಕ್ಕ ವೇರಿಯಬಲ್ ಹಾಕಬೇಡಿ. ವರ್ಡ್‌ಪ್ರೆಸ್‌ನಲ್ಲಿ ವಿಳಾಸ ಒಳಗೊಳಗೇ ‘ಇಂಡೆಕ್ಸ್.ಪಿಎಚ್‌ಪಿ’ಗೆ ತಿರುಗುತ್ತದೆ, ಆಗ ಆ ವೇರಿಯಬಲ್ ಎಲ್ಲ ಪುಟಕ್ಕೂ ಒಂದೇ ಆಗಿಬಿಡುತ್ತದೆ. ಹಳೇಬೀಡು ಕೇಳಿದವರಿಗೂ ಶ್ರವಣಬೆಳಗೊಳದ ಪುಟ ಹೋಗುತ್ತದೆ.

ಇನ್ನೊಂದು ಪೆಟ್ಟು ಪುಟ ತಿದ್ದಿದಾಗ ಬೀಳುತ್ತದೆ. ದರ್ಶನದ ಸಾಲಿನ ಸುದ್ದಿ ಎಂದ ಮೇಲೆ ಗಂಟೆಗೊಮ್ಮೆ ತಿದ್ದುತ್ತೀರಿ. ಕ್ಯಾಶ್ ಅಳಿಸುವ ಪ್ಲಗಿನ್ ಇದ್ದರೆ, ತಿದ್ದಿ ಉಳಿಸಿದ ಕೂಡಲೇ ಹಳೆಯ ಪುಟ ಕ್ಯಾಶ್‌ನಿಂದ ಹೋಗುತ್ತದೆ. ಹೊಸದು ತಯಾರಾಗುವ ಒಂದೆರಡು ಸೆಕೆಂಡಿನಲ್ಲಿ ಬಂದ ಮೂವತ್ತು ಜನಕ್ಕೆ ಮೂವತ್ತು ಸಲ ಅದೇ ಪುಟ ತಯಾರಾಗಲು ಹೊರಡುತ್ತದೆ. ‘ಫಾಸ್ಟ್‌ಸಿಜಿಐ_ಕ್ಯಾಶ್_ಲಾಕ್ ಆನ್’ ಹಾಕಿ. ಆಗ ಒಬ್ಬರಿಗಾಗಿ ಪುಟ ತಯಾರಾಗುತ್ತದೆ, ಉಳಿದವರು ಅದಕ್ಕೆ ಕಾಯುತ್ತಾರೆ. ಜೊತೆಗೆ ‘ಫಾಸ್ಟ್‌ಸಿಜಿಐ_ಕ್ಯಾಶ್_ಯೂಸ್_ಸ್ಟೇಲ್’ಗೆ ‘ಅಪ್‌ಡೇಟಿಂಗ್’, ‘ಎರರ್’, ‘ಟೈಮ್‌ಔಟ್’ ಕೊಡಿ. ಅವಧಿ ಮುಗಿದ ಪುಟವನ್ನು ಹೊಸದು ಬರುವವರೆಗೆ ಕೊಡುತ್ತಿರುತ್ತದೆ, ಪಿಎಚ್‌ಪಿ ಉತ್ತರ ಕೊಡದಿದ್ದರೂ ಓದುಗರಿಗೆ ಹಳೆಯ ಪುಟವಾದರೂ ಸಿಗುತ್ತದೆ. ನಿಮ್ಮ ಪ್ಲಗಿನ್ ಒಂದು ಕಾಮೆಂಟ್ ಬಂದರೂ ಇಡೀ ಸೈಟ್‌ನ ಕ್ಯಾಶ್ ಅಳಿಸುವಂತಿದ್ದರೆ ಅದನ್ನೂ ಬದಲಿಸಿ. ಆ ಪುಟ, ಮುಖಪುಟ ಎರಡನ್ನು ಅಳಿಸಿದರೆ ಸಾಕು.

ಕನ್ನಡ ಬ್ಲಾಗ್‌ಗಳಿಗೇ ಇರುವ ಒಂದು ತೊಂದರೆ ಲಿಂಕ್‌ನಲ್ಲಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಲಿಂಕ್ ಅನ್ನೂ ಕನ್ನಡದಲ್ಲೇ ಮಾಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್. ವಿಳಾಸದಲ್ಲಿ ಒಂದು ಬೈಟ್‌ಗೆ ಶೇಕಡಾ ಗುರುತಿನ ಜೊತೆ 3 ಅಕ್ಷರ. ಅಂದರೆ ಒಂದು ಚಿಹ್ನೆಗೆ 9 ಅಕ್ಷರ. ಕಾಗುಣಿತದ ಗುರುತು, ಒತ್ತಿನ ಗುರುತು ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. ವರ್ಡ್‌ಪ್ರೆಸ್ ಲಿಂಕ್‌ನ ಈ ಭಾಗಕ್ಕೆ 200 ಅಕ್ಷರ ಮಾತ್ರ ಕೊಡುತ್ತದೆ. ‘ಹಾಸನಾಂಬ ದರ್ಶನದ ಸಮಯ ಮತ್ತು ವಾಹನ ನಿಲುಗಡೆ’ ಎಂಬ ಶೀರ್ಷಿಕೆ ‘ಮತ್ತು’ವಿಗೇ ತುಂಡಾಗುತ್ತದೆ. ಇದಕ್ಕೂ ಮೆಮೊರಿಗೂ ಏನು ಸಂಬಂಧ? ಇಂಥ ಉದ್ದದ, ಶೇಕಡಾ ಗುರುತುಗಳ ಲಿಂಕ್ ಒಬ್ಬರಿಂದ ಒಬ್ಬರಿಗೆ ಕಾಪಿ ಆಗುವಾಗ ಕೊನೆ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಲಿಂಕ್ ಹಿಡಿದು ಬಂದವರಿಗೆ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಉತ್ತರ ಬರಬಹುದು. ವರ್ಡ್‌ಪ್ರೆಸ್‌ನಲ್ಲಿ 404 ಅಗ್ಗದ ಉತ್ತರವಲ್ಲ. ಅದಕ್ಕೂ ಪಿಎಚ್‌ಪಿ ಪೂರ್ತಿ ಏಳಬೇಕು, ಮೇಲಾಗಿ ‘ಇವರು ಯಾವ ಪುಟ ಕೇಳಿರಬಹುದು’ ಎಂದು ಡೇಟಾಬೇಸ್‌ನಲ್ಲಿ ಹುಡುಕಾಟವೂ ನಡೆಯುತ್ತದೆ. ಆದ್ದರಿಂದ ಪ್ರಕಟಿಸುವ ಮುಂಚೆಯೇ ಲಿಂಕ್ ಅನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ. 404 ಪುಟಗಳನ್ನೂ ಒಂದು ನಿಮಿಷದ ಮಟ್ಟಿಗೆ ಕ್ಯಾಶ್ ಮಾಡಿ.

ಓದುಗರೇ ಅಲ್ಲದವರೂ ಪಿಎಚ್‌ಪಿ ಎಬ್ಬಿಸುತ್ತಾರೆ. ಆಕ್ಸೆಸ್ ಲಾಗ್‌ನಲ್ಲಿ (ಬಂದವರು ಏನು ಕೇಳಿದರು ಎಂಬ ದಾಖಲೆ) ಯಾವ ವಿಳಾಸ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಗೋಆಕ್ಸೆಸ್ ಎಂಬ ಸಣ್ಣ ಸಾಧನ ಈ ಲೆಕ್ಕವನ್ನು ಚೆಂದವಾಗಿ ಕೊಡುತ್ತದೆ. ‘ಎಕ್ಸ್‌ಎಂಎಲ್‌ಆರ್‌ಪಿಸಿ.ಪಿಎಚ್‌ಪಿ’ ಮತ್ತು ‘ಡಬ್ಲ್ಯುಪಿ-ಲಾಗಿನ್.ಪಿಎಚ್‌ಪಿ’ ಮೇಲೆ ಕರೆಗಳು ಬಂದು ಬಿದ್ದಿದ್ದರೆ ಅದು ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಕೆಲಸ. ಅವಕ್ಕೆ ಕ್ಯಾಶ್ ಸಹಾಯ ಮಾಡುವುದಿಲ್ಲ. ಮೊದಲನೆಯದನ್ನು ಎಂಜಿನ್‌ಎಕ್ಸ್‌ನಲ್ಲೇ 444 ಕೊಟ್ಟು ಮುಚ್ಚಿ, ಉತ್ತರವನ್ನೇ ಕೊಡದೆ ಸಂಪರ್ಕ ಕತ್ತರಿಸುತ್ತದೆ. ಜೆಟ್‌ಪ್ಯಾಕ್ ಪ್ಲಗಿನ್ ಬಳಸುವವರು ಮಾತ್ರ ಪೂರ್ತಿ ಮುಚ್ಚಬೇಡಿ. ಎರಡನೆಯದಕ್ಕೆ ‘ಲಿಮಿಟ್_ರೆಕ್’ ಹಾಕಿ ವೇಗ ಕಟ್ಟಿ. ಇದನ್ನು ಪ್ಲಗಿನ್‌ನಿಂದ ತಡೆಯುವುದು ಮೆಮೊರಿಯ ಲೆಕ್ಕದಲ್ಲಿ ಉಪಯೋಗವಿಲ್ಲ. ಪ್ಲಗಿನ್ ‘ಬೇಡ’ ಅನ್ನುವ ಹೊತ್ತಿಗೆ ಪಿಎಚ್‌ಪಿ ಎದ್ದಾಗಿರುತ್ತದೆ.

ವರ್ಡ್‌ಪ್ರೆಸ್‌ನ ‘ಡಬ್ಲ್ಯುಪಿ-ಕ್ರಾನ್’ ಕೂಡ ಹಾಗೇ. ಯಾರಾದರೂ ಪುಟ ತೆರೆದಾಗ ಬಾಕಿ ಕೆಲಸ ಇದ್ದರೆ ಸೈಟ್ ತನಗೆ ತಾನೇ ಇನ್ನೊಂದು ಕರೆ ಕಳಿಸಿ ಮತ್ತೊಂದು ಪಿಎಚ್‌ಪಿ ಹಿಡಿಯುತ್ತದೆ. ‘ಡಿಸೇಬಲ್_ಡಬ್ಲ್ಯುಪಿ_ಕ್ರಾನ್’ ಅನ್ನು ‘ಟ್ರೂ’ ಮಾಡಿ, ಸರ್ವರ್‌ನ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) 15 ನಿಮಿಷಕ್ಕೊಮ್ಮೆ ಓಡಿಸಿ.

ಮಿತಿ ಹಾಕುವುದು

ಎಷ್ಟೇ ಕ್ಯಾಶ್ ಇದ್ದರೂ ಒಂದು ದಿನ ಏನೋ ದಾಟಿ ಬರುತ್ತದೆ. ಅವತ್ತಿಗೆ ಮಿತಿ ಬೇಕು. ಪಿಎಚ್‌ಪಿ-ಎಫ್‌ಪಿಎಂನ ಪೂಲ್ ಫೈಲ್‌ನಲ್ಲಿ ‘ಪಿಎಂ.ಮ್ಯಾಕ್ಸ್_ಚಿಲ್ಡ್ರನ್’ ಎಂಬುದೇ ಆ ಮಿತಿ, ಒಮ್ಮೆಗೆ ಎಷ್ಟು ಪಿಎಚ್‌ಪಿ ಓಡಬಹುದು ಎಂಬ ಅಂಕಿ. ಉಬುಂಟುವಿನಲ್ಲಿ ಅದು 5 ಎಂದೇ ಬರುತ್ತದೆ. ಆದರೆ ‘ರೀಚ್ಡ್ ಪಿಎಂ.ಮ್ಯಾಕ್ಸ್_ಚಿಲ್ಡ್ರನ್’ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಕಂಡ ಕೂಡಲೇ ಯಾರೋ ಅದನ್ನು 30ಕ್ಕೋ 50ಕ್ಕೋ ಏರಿಸಿರುತ್ತಾರೆ. ಆ ಎಚ್ಚರಿಕೆಯ ಕೊನೆಯಲ್ಲಿ ‘ಏರಿಸುವ ಬಗ್ಗೆ ಯೋಚಿಸಿ’ ಎಂದೇ ಇರುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ‘ಮಿತಿ ಮುಟ್ಟಿದೆ’ ಎಂಬುದಷ್ಟೇ. ಮೆಮೊರಿ ಇದ್ದರೆ ಮಾತ್ರ ಏರಿಸಬೇಕು.

ಲೆಕ್ಕ ಸುಲಭ. ಒಂದು ಜಿಬಿ ಸರ್ವರ್‌ನಲ್ಲಿ ಕೈಗೆ ಸಿಗುವುದು ಸುಮಾರು 960 ಎಂಬಿ. ಆಪರೇಟಿಂಗ್ ಸಿಸ್ಟಂಗೆ 150, ಮೈಎಸ್‌ಕ್ಯೂಎಲ್‌ಗೆ 300, ಫೈಲ್ ಕ್ಯಾಶ್‌ಗೆ 100 ಬಿಡಿ. ಉಳಿದದ್ದು 400 ಚಿಲ್ಲರೆ. ಒಂದು ಪಿಎಚ್‌ಪಿ ಎಷ್ಟು ದೊಡ್ಡದು ಎಂದು ‘ಪಿಎಸ್ ಆಕ್ಸ್ --ಸಾರ್ಟ್=-ಆರ್‌ಎಸ್‌ಎಸ್’ ಕೊಟ್ಟು ನೋಡಿ, ಇಲ್ಲಿ ಅಂಕಿ ಕೆಬಿಯಲ್ಲಿ ಇರುತ್ತದೆ. 80 ಎಂಬಿ ಇದ್ದರೆ ಐದು ಹಿಡಿಸುತ್ತದೆ. ಆಪ್‌ಕ್ಯಾಶ್‌ನ (ಪಿಎಚ್‌ಪಿ ಕೋಡ್ ಅನ್ನು ತಯಾರು ಮಾಡಿ ಇಡುವ ಕ್ಯಾಶ್) ಮೆಮೊರಿ ಎಲ್ಲ ಪಿಎಚ್‌ಪಿಗಳಿಗೂ ಒಂದೇ ಆದರೂ ಪ್ರತಿ ಸಾಲಿನಲ್ಲೂ ಸೇರಿ ಕಾಣುತ್ತದೆ, ಹಾಗಾಗಿ ನಿಜವಾದ ಖರ್ಚು ಇದಕ್ಕಿಂತ ಸ್ವಲ್ಪ ಕಡಿಮೆ. ಸರಿಯಾದ ಅಂಕಿ ಬೇಕಿದ್ದರೆ ‘ಎಸ್‌ಮೆಮ್’ ಹಾಕಿಕೊಂಡು ಅದರ ‘ಪಿಎಸ್‌ಎಸ್’ ಕಾಲಂ ನೋಡಿ, ಅದರಲ್ಲಿ ಹಂಚಿಕೊಂಡ ಮೆಮೊರಿಯನ್ನು ಎಲ್ಲರಿಗೂ ಭಾಗ ಮಾಡಿರುತ್ತಾರೆ. ನಾನು ಆರ್‌ಎಸ್‌ಎಸ್ ಲೆಕ್ಕವನ್ನೇ ಹಿಡಿಯುತ್ತೇನೆ. ತಪ್ಪಿದರೂ ಸುರಕ್ಷಿತ ಕಡೆಗೆ ತಪ್ಪುತ್ತದೆ.

ಐದೇ ಅಂದರೆ ಉಳಿದವರು? ಕಾಯುತ್ತಾರೆ. ಗರ್ಭಗುಡಿ ಮುಂದೆ ಒಂದು ಸಲಕ್ಕೆ ಇಷ್ಟೇ ಜನ ಎಂದು ಬಿಟ್ಟರೆ ಸಾಲು ನಿಧಾನವಾಗಿಯಾದರೂ ಸಾಗುತ್ತದೆ, ಎಲ್ಲರನ್ನೂ ಒಮ್ಮೆಗೇ ಒಳಗೆ ಬಿಟ್ಟರೆ ಯಾರಿಗೂ ದರ್ಶನ ಇಲ್ಲ. ಪುಟ ಎರಡು ಸೆಕೆಂಡ್ ತಡವಾಗಿ ಬರುವುದು ಬಾರದೇ ಇರುವುದಕ್ಕಿಂತ ಎಷ್ಟೋ ಮೇಲು.

‘ಪಿಎಂ = ಆನ್‌ಡಿಮಾಂಡ್’ ಮಾಡಿದರೆ ಕೆಲಸ ಇಲ್ಲದ ಪಿಎಚ್‌ಪಿ 10 ಸೆಕೆಂಡ್ ಬಿಟ್ಟು ಮನೆಗೆ ಹೋಗುತ್ತದೆ. ಒಳ್ಳೆಯ ಕ್ಯಾಶ್ ಇರುವ ಸಣ್ಣ ಬ್ಲಾಗ್‌ಗೆ ಇದೇ ಸರಿ. ‘ಪಿಎಂ.ಮ್ಯಾಕ್ಸ್_ರಿಕ್ವೆಸ್ಟ್ಸ್’ಗೆ 500 ಕೊಡಿ, ಅಷ್ಟು ಕರೆ ಮುಗಿದ ಮೇಲೆ ಆ ಪಿಎಚ್‌ಪಿ ಹೋಗಿ ಹೊಸದು ಬರುತ್ತದೆ. ಅದು ಮೊದಲಿಗೆ 0 ಇರುತ್ತದೆ, ಅಂದರೆ ಒಂದೇ ಪಿಎಚ್‌ಪಿ ಹೊಸದಾಗದೆ ಓಡುತ್ತಲೇ ಇರಬಹುದು. ಯಾವುದೋ ಪ್ಲಗಿನ್ ಅಥವಾ ಎಕ್ಸ್‌ಟೆನ್ಷನ್ ಮೆಮೊರಿ ಸೋರಿಸುತ್ತಿದ್ದರೆ ಅದು ದಿನೇ ದಿನೇ ಊದುತ್ತದೆ. ಜನ ಬಂದಾಗ ಬೀಳುವುದಕ್ಕೂ ಸೋರಿಕೆಗೂ ಗುರುತು ಬೇರೆ: ಮೊದಲನೆಯದರಲ್ಲಿ ಮೆಮೊರಿ ನಿಮಿಷಗಳಲ್ಲಿ ಏರುತ್ತದೆ, ಸೋರಿಕೆಯಲ್ಲಿ ವಾರಗಟ್ಟಲೆ ನಿಧಾನವಾಗಿ.

ಎಂಜಿನ್‌ಎಕ್ಸ್ ಬದಲು ಅಪಾಚೆ ವೆಬ್ ಸರ್ವರ್ ಬಳಸುವವರು ‘ಪ್ರಿಫೋರ್ಕ್’ ಮತ್ತು ಮಾಡ್-ಪಿಎಚ್‌ಪಿ ಜೋಡಿ ಬಿಡಿ. ಅದರಲ್ಲಿ ಒಂದು ಸಣ್ಣ ಚಿತ್ರ ಕೊಡುವುದಕ್ಕೂ ಪಿಎಚ್‌ಪಿ ಹೊತ್ತ ದೊಡ್ಡ ಪ್ರಾಸೆಸ್ಸೇ ಬೇಕು. ‘ಇವೆಂಟ್’ ಎಂಪಿಎಂ ಮತ್ತು ಎಫ್‌ಪಿಎಂಗೆ ಬದಲಾಗಿ.

ಫೋಟೋ ಹಾಕುವಾಗ ಮಾತ್ರ ಬಿದ್ದರೆ

ಓದುಗರು ಯಾರೂ ಇಲ್ಲದ ಹೊತ್ತಿನಲ್ಲಿ, ನೀವು ಫೋಟೋ ಏರಿಸುವಾಗಲೇ ಬಿದ್ದರೆ ಕಾರಣ ಬೇರೆ. ಹಳೇಬೀಡಿನ ಗೋಡೆಯ ಒಂದು ಫೋಟೋ ಫೈಲ್ 5 ಎಂಬಿ ಇರಬಹುದು. ಅದನ್ನು ಚಿಕ್ಕದು ಮಾಡಲು ಸರ್ವರ್ ಮೊದಲು ಪೂರ್ತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಫೈಲ್‌ನ ಗಾತ್ರಕ್ಕೆ ಬೆಲೆ ಇಲ್ಲ, ಪಿಕ್ಸೆಲ್‌ಗಳಷ್ಟೇ ಲೆಕ್ಕ. 4000 ಗುಣಿಸು 3000 ಅಂದರೆ 1.2 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್ ಆದರೆ 48 ಎಂಬಿ. 16 ಬಿಟ್ ಇಮೇಜ್‌ಮ್ಯಾಜಿಕ್‌ನಲ್ಲಿ (ಚಿತ್ರ ಚಿಕ್ಕದು ಮಾಡುವ ಸಾಧನ) ಒಂದಕ್ಕೆ 8 ಬೈಟ್, ಅಂದರೆ 96 ಎಂಬಿ. 50 ಮೆಗಾಪಿಕ್ಸೆಲ್ ಫೋನ್‌ನ ಫೋಟೋ ಆದರೆ ಇದರ ನಾಲ್ಕು ಪಟ್ಟು. ಇಂಥವು ಹತ್ತನ್ನು ಒಟ್ಟಿಗೆ ಎಳೆದು ಹಾಕಿದರೆ ಏನಾಗಬೇಡ?

2019ರಲ್ಲಿ ಬಂದ ವರ್ಡ್‌ಪ್ರೆಸ್ 5.3ರಿಂದ ದೊಡ್ಡ ಚಿತ್ರವನ್ನು 2560 ಪಿಕ್ಸೆಲ್‌ಗೆ ಇಳಿಸಿ ಬಳಸುತ್ತಾರೆ. ಆದರೆ ಇಳಿಸುವುದಕ್ಕೂ ಒಮ್ಮೆ ಪೂರ್ತಿ ಬಿಚ್ಚಲೇಬೇಕು. ಪಿಎಚ್‌ಪಿಯ ‘ಮೆಮೊರಿ_ಲಿಮಿಟ್’ ಇದನ್ನು ತಡೆಯುತ್ತದೆ ಎಂದು ನಂಬಬೇಡಿ. ಇಮೇಜ್‌ಮ್ಯಾಜಿಕ್ ಬಳಸುವ ಮೆಮೊರಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ತನ್ನದೇ ‘ಪಾಲಿಸಿ.ಎಕ್ಸ್‌ಎಂಎಲ್’ ಫೈಲ್ ಇದೆ. ಉಬುಂಟುವಿನಲ್ಲಿ ಅದರ ಮೆಮೊರಿ ಮಿತಿ 256 ಎಂಬಿ, ಒಂದು ಜಿಬಿ ಸರ್ವರ್‌ಗೆ ಜಾಸ್ತಿಯೇ ಆಯಿತು. ಮೆಮೊರಿ ಮಿತಿಯನ್ನು 64ಕ್ಕೂ ಅದೇ ಫೈಲ್‌ನಲ್ಲಿರುವ ‘ಮ್ಯಾಪ್’ ಮಿತಿಯನ್ನು 128ಕ್ಕೂ ಇಳಿಸಿ. ದೊಡ್ಡ ಚಿತ್ರಕ್ಕೆ ಅದು ಡಿಸ್ಕ್ ಬಳಸುತ್ತದೆ, ನಿಧಾನವಾಗುತ್ತದೆ, ಆದರೆ ಯಾರನ್ನೂ ಕೊಲ್ಲುವುದಿಲ್ಲ. ಇದಕ್ಕಿಂತ ಒಳ್ಳೆಯದು, ಫೋನ್‌ನಲ್ಲೇ 2000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಏರಿಸುವ ಅಭ್ಯಾಸ. ಹೊಯ್ಸಳ ಕೆತ್ತನೆಯ ಕುಸುರಿ ಬ್ಲಾಗ್‌ನಲ್ಲಿ ಅಷ್ಟಕ್ಕೇ ಚೆನ್ನಾಗಿ ಕಾಣುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಉಳಿಸಬಹುದಾದದ್ದು

ಕಳ್ಳ ಅಲ್ಲದಿದ್ದರೂ ಮೈಎಸ್‌ಕ್ಯೂಎಲ್ 8 ಸುಮ್ನೆ ಕೂತಿದ್ದಾಗಲೂ ಮುನ್ನೂರು, ನಾನೂರು ಎಂಬಿ ಹಿಡಿಯುತ್ತದೆ. ಒಂದೇ ಸಾಲಿನಿಂದ ದೊಡ್ಡ ಉಳಿತಾಯ ಬೇಕಿದ್ದರೆ ‘ಪರ್ಫಾರ್ಮೆನ್ಸ್_ಸ್ಕೀಮಾ = ಆಫ್’ ಹಾಕಿ. ಅದು ಅಳತೆ ಮಾಡುವ ಸೌಲಭ್ಯ, ಸಣ್ಣ ಬ್ಲಾಗ್‌ನಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಮೈಎಸ್‌ಕ್ಯೂಎಲ್ ಬದಲು ಕೆಲವರು ಬಳಸುವ ಮರಿಯಾಡಿಬಿಯಲ್ಲಿ ಅದು ಮೊದಲಿಂದಲೂ ಆಫ್ ಇರುತ್ತದೆ. ‘ಮ್ಯಾಕ್ಸ್_ಕನೆಕ್ಷನ್ಸ್’ 151 ಇರುತ್ತದೆ. ಐದು ಪಿಎಚ್‌ಪಿಗೆ ಅಷ್ಟು ಯಾಕೆ? 20 ಸಾಕು.

‘ಇನ್ನೋಡಿಬಿ_ಬಫರ್_ಪೂಲ್_ಸೈಜ್’ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮೊದಲಿಗೆ 128 ಎಂಬಿ. ಅದನ್ನು ಕಡಿಮೆ ಮಾಡಬೇಕೇ ಎಂಬುದು ನಿಮ್ಮ ಡೇಟಾಬೇಸ್ ಗಾತ್ರದ ಮೇಲಿದೆ. ಐದು ಸಾವಿರ ಅಕ್ಷರದ ಒಂದು ಕನ್ನಡ ಲೇಖನ 15 ಕೆಬಿ. ಸಾವಿರ ಲೇಖನ ಬರೆದರೂ 15 ಎಂಬಿ. ಆದರೆ ಪ್ರತಿ ಲೇಖನಕ್ಕೂ ಹತ್ತು ಹಳೆಯ ರಿವಿಷನ್ ಕೂತಿದ್ದರೆ 165. ‘ಡಬ್ಲ್ಯುಪಿ_ಪೋಸ್ಟ್_ರಿವಿಷನ್ಸ್’ಗೆ 5 ಎಂದು ಮಿತಿ ಕೊಡಿ. ಡೇಟಾಬೇಸ್ ಸಣ್ಣದಿದ್ದರೆ ಪೂಲ್ ಅನ್ನು 64ಕ್ಕೆ ಇಳಿಸಿದರೂ ವೇಗದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗೇ ‘ಆಪ್ಷನ್ಸ್’ ಟೇಬಲ್‌ನ ಆಟೋಲೋಡ್ (ಪ್ರತಿ ಸಲ ತಾನಾಗಿಯೇ ಓದಿಕೊಳ್ಳುವ ಸೆಟ್ಟಿಂಗ್‌ಗಳು) ನೋಡಿ. ಪ್ರತಿ ಪಿಎಚ್‌ಪಿಯೂ ಏಳುವಾಗ ಅದನ್ನು ಪೂರ್ತಿ ತಲೆ ಮೇಲೆ ಹೊತ್ತು ಏಳುತ್ತದೆ. ಯಾವತ್ತೋ ತೆಗೆದು ಹಾಕಿದ ಪ್ಲಗಿನ್‌ಗಳ ಕಸ ಅಲ್ಲೇ ಇರುತ್ತದೆ. 2024ರ ವರ್ಡ್‌ಪ್ರೆಸ್ 6.6ರಿಂದ ಇದು 800 ಕೆಬಿ ದಾಟಿದರೆ ಸೈಟ್ ಹೆಲ್ತ್ ಪುಟದಲ್ಲೇ ಎಚ್ಚರಿಕೆ ಬರುತ್ತದೆ.

ಸ್ವಾಪ್ ಬಗ್ಗೆ

ಬಾಡಿಗೆ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಸ್ವಾಪ್ (ರ್‍ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಇರುವುದೇ ಇಲ್ಲ. ‘ಸ್ವಾಪ್‌ಆನ್ --ಷೋ’ ಕೊಟ್ಟು ನೋಡಿ, ಖಾಲಿ ಬಂದರೆ ಒಂದು ಜಿಬಿಯ ಸ್ವಾಪ್ ಫೈಲ್ ಮಾಡಿ, ‘ಎಫ್‌ಎಸ್‌ಟ್ಯಾಬ್’ನಲ್ಲಿ ಸೇರಿಸಿ, ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಹೋಗುತ್ತದೆ. ಸ್ವಾಪ್ ಎಷ್ಟು ಬೇಗ ಬಳಸಬೇಕು ಎಂದು ಹೇಳುವ ‘ವಿಎಂ.ಸ್ವಾಪಿನೆಸ್’ 60 ಇರುತ್ತದೆ, 10 ಮಾಡಿ. ಇದರಿಂದ ಒಂದೆರಡು ನಿಮಿಷದ ಒತ್ತಡ ತಡೆಯಬಹುದು, ಅಷ್ಟೇ. ‘ವಿಎಂಸ್ಟ್ಯಾಟ್ 1’ ಓಡಿಸಿದಾಗ ‘ಎಸ್‌ಐ’, ‘ಎಸ್‌ಒ’ ಕಾಲಂಗಳಲ್ಲಿ (ಸ್ವಾಪ್‌ನಿಂದ ಬಂದದ್ದು, ಹೋದದ್ದು) ಬಿಡದೆ ಅಂಕಿ ಬರುತ್ತಿದ್ದರೆ ಸರ್ವರ್ ಬೀಳದಿದ್ದರೂ ತೆವಳುತ್ತಿದೆ ಎಂದರ್ಥ. ಆಗ ಮಿತಿಯ ಲೆಕ್ಕವನ್ನು ಮತ್ತೆ ಮಾಡಬೇಕು.

ಹಬ್ಬಕ್ಕೆ ಮುಂಚೆ ಪರೀಕ್ಷೆ

ಎಲ್ಲ ತಿದ್ದಿದ ಮೇಲೆ ದೀಪಾವಳಿಗೆ ಕಾಯಬೇಡಿ. ಯಾರೂ ಬರದ ರಾತ್ರಿ ಹೊತ್ತಿನಲ್ಲಿ, ಬೇರೆ ಕಂಪ್ಯೂಟರ್‌ನಿಂದ, ನಿಮ್ಮದೇ ಸೈಟ್ ಮೇಲೆ ‘ಎಬಿ -ಎನ್ 500 -ಸಿ 20’ ಓಡಿಸಿ, ಅದು ಒಮ್ಮೆಗೆ 20ರಂತೆ ಒಟ್ಟು 500 ಸಲ ಪುಟ ಕೇಳುತ್ತದೆ. ಪಕ್ಕದ ಕಿಟಕಿಯಲ್ಲಿ ‘ವಾಚ್ ಫ್ರೀ -ಎಂ’ ಇರಲಿ. ಮೊದಲು ಲೇಖನದ ಶುದ್ಧ ಲಿಂಕ್, ಆಮೇಲೆ ಕೊನೆಗೆ ಎಫ್‌ಬಿಸಿಎಲ್‌ಐಡಿ ಅಂಟಿಸಿದ ಲಿಂಕ್, ಆಮೇಲೆ ಬೇಕೆಂದೇ ಕತ್ತರಿಸಿದ 404 ಲಿಂಕ್, ಕೊನೆಗೆ ಹುಡುಕಾಟದ ಪುಟ. ಮೊದಲ ಮೂರರಲ್ಲಿ ‘ಅವೈಲಬಲ್’ ಅಂಕಿ ಅಲ್ಲಾಡಬಾರದು. ನಾಲ್ಕನೆಯದರಲ್ಲಿ ಇಳಿಯುತ್ತದೆ, ಪುಟಗಳು ನಿಧಾನವಾಗುತ್ತವೆ, ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಮ್ಯಾಕ್ಸ್_ಚಿಲ್ಡ್ರನ್ ಇನ್ನೊಂದು ಇಳಿಸಿ, ಮತ್ತೆ ಓಡಿಸಿ.

ಇಷ್ಟಾದ ಮೇಲೂ ಎರಡು ಜಿಬಿ ಬೇಕಾಗುವ ಸೈಟ್‌ಗಳಿವೆ. ಕಾಫಿಪುಡಿ, ಮೆಣಸು ಮಾರುವ ಅಂಗಡಿ ಇದ್ದರೆ, ಓದುಗರು ಲಾಗಿನ್ ಆಗಿ ಓದುವ ಹಾಗಿದ್ದರೆ, ಅಥವಾ ಒಂದೇ ಹೊತ್ತಿಗೆ ಹತ್ತು ಜನ ಎಡಿಟರ್ ತೆರೆದು ಕೂರುವ ಹಾಗಿದ್ದರೆ ಅವರಿಗೆಲ್ಲ ಪೇಜ್ ಕ್ಯಾಶ್ ಉಪಯೋಗಕ್ಕೆ ಬರುವುದಿಲ್ಲ. ಪ್ರತಿಯೊಬ್ಬರಿಗೂ ಪಿಎಚ್‌ಪಿ ಏಳಲೇಬೇಕು. ಅಲ್ಲಿ ರ್‍ಯಾಮ್ ಕೊಳ್ಳುವುದೇ ಸರಿ. ಕೊಂಡ ಮೇಲೆ ಮ್ಯಾಕ್ಸ್_ಚಿಲ್ಡ್ರನ್ ಲೆಕ್ಕವನ್ನು ಹೊಸ ಅಂಕಿ ಇಟ್ಟು ಮತ್ತೊಮ್ಮೆ ಮಾಡಿ.